ಮುಟ್ಟಿದ ಗುರುತು

ನಾವು ಮುಟ್ಟಿದ ವಸ್ತು ನಾವು ಮುಟ್ಟಿದ್ದನ್ನು ನೆನಪಿಟ್ಟುಕೊಂಡರೆ ಹೇಗೆ? ಧಾರವಾಡದ ಒಂದು ಪಾಲಿಮರ್ ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದ ಶಂಭುಲಿಂಗ ಇಟಗಿಯ ತಲೆಗೆ ಈ ಪ್ರಶ್ನೆ ಹೊಕ್ಕದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಅವನ ತಂದೆ ಮೊಣಕಾಲಿನ ಆಪರೇಶನ್ನು ಸುಸೂತ್ರವಾಗಿ ಮುಗಿಸಿಕೊಂಡು, ಆಮೇಲೆ ಯಾರದೋ ಕೈಯಿಂದ ತಗುಲಿದ ಸೋಂಕಿಗೆ ತೀರಿಕೊಂಡಿದ್ದರು. ಆ ಕೈ ಯಾರದು, ಅದು ಮುಟ್ಟಿದ್ದು ಮಂಚದ ಕಂಬಿಯನ್ನೋ ಬಾಗಿಲ ಹಿಡಿಕೆಯನ್ನೋ ಸಲೈನಿನ ಕೋಲನ್ನೋ, ಹೇಳಬಲ್ಲವರು ಯಾರೂ ಇರಲಿಲ್ಲ. ಒರೆಸಿದ ಕಂಬಿಗೂ ಒರೆಸದ ಕಂಬಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲವಲ್ಲ.

ಜೀರ್ಜಿಂಬೆಯ ಬೆನ್ನು ಹಸಿರಾಗಿ ಹೊಳೆಯುತ್ತದೆ. ಅದನ್ನು ಅರೆದು ನೋಡಿದರೆ ಹಸಿರು ಬಣ್ಣವೇನೂ ಸಿಗುವುದಿಲ್ಲ. ಅಲ್ಲಿರುವುದು ಸುರುಳಿ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ತಿರುಚಿಕೊಂಡು ಕೂತ ಪದರಗಳು. ಆ ಸುರುಳಿಯ ಒಂದು ಸುತ್ತು ಎಷ್ಟು ಉದ್ದವೋ ಅದಕ್ಕೆ ತಕ್ಕ ಬಣ್ಣದ ಬೆಳಕನ್ನು ಅದು ಹಿಂದಕ್ಕೆ ಎಸೆಯುತ್ತದೆ. ದ್ರವ ಸ್ಫಟಿಕದ ಅಣುಗಳೂ ಹೀಗೆಯೇ ಸುರುಳಿಯಾಗಿ ನಿಲ್ಲುತ್ತವೆ. ಅವನ್ನು ಪಾಲಿಮರಿನಲ್ಲಿ ಕಟ್ಟಿಹಾಕಿ ತೆಳುವಾದ ಹಾಳೆ ಮಾಡಿ ಬೆರಳಿನಿಂದ ಒತ್ತಿದರೆ ಸುರುಳಿ ಕುಗ್ಗುತ್ತದೆ, ಕೆಂಪಿದ್ದದ್ದು ಹಸಿರಾಗುತ್ತದೆ, ಇನ್ನೂ ಒತ್ತಿದರೆ ನೀಲಿಯಾಗುತ್ತದೆ. ಬೆರಳು ತೆಗೆದರೆ ಮತ್ತೆ ಕೆಂಪು. ಇಷ್ಟು ಮೊದಲೇ ಗೊತ್ತಿದ್ದದ್ದು. ಇಟಗಿ ಮಾಡಿದ್ದೆಂದರೆ, ಕುಗ್ಗಿದ ಸುರುಳಿ ಕುಗ್ಗಿದಂತೆಯೇ ಉಳಿಯುವ ಪಾಲಿಮರನ್ನು ಕಂಡುಹಿಡಿದದ್ದು. ಮೈಯ ಬಿಸಿಯಿರುವ ಕೈ ಒತ್ತಿದರೆ ಗುರುತು ಬೀಳುತ್ತಿತ್ತು, ಬಿಸಿಗಾಳಿ ಊದುವವರೆಗೂ ಹೋಗುತ್ತಿರಲಿಲ್ಲ.

ಅದನ್ನು ಶಾಯಿಯ ಹಾಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸುವ ವಿದ್ಯೆ ಫರ್ಹಾನಾ ಮುಲ್ಲಾಳದು. ಇಟಗಿಯ ಕೈಕೆಳಗಿನ ಸಂಶೋಧಕಿ, ನೆಟ್ಟಗೆ ಮಾತಾಡುವವಳು. ಕೈಗುರುತು ತುಂಬಿದ ಗೋಡೆಗಳನ್ನು ಕಂಡು ರೋಗಿಗಳು ಹೇಸುತ್ತಾರೆ ಎಂದು ಆಸ್ಪತ್ರೆಯವರು ತಕರಾರು ಮಾಡಿದಾಗ ದಾರಿ ಹುಡುಕಿದವಳೂ ಅವಳೇ. ಸುರುಳಿಯನ್ನು ಇನ್ನಷ್ಟು ಉದ್ದ ಮಾಡಿ, ಬಣ್ಣವನ್ನು ಕೆಂಪಿನಿಂದಲೂ ಆಚೆಗೆ, ಮನುಷ್ಯನ ಕಣ್ಣಿಗೆ ಕಾಣದಲ್ಲಿಗೆ ತಳ್ಳಿಬಿಟ್ಟಳು. ಈಗ ಹಾಳೆ ಬರಿಗಣ್ಣಿಗೆ ಗಾಜಿನಂತೆ ಸ್ವಚ್ಛ. ಅಂಗೈಯಗಲದ ಒಂದು ಕ್ಯಾಮೆರಾ ಹಿಡಿದರೆ ಮಾತ್ರ ಅದರ ಪರದೆಯ ಮೇಲೆ ಗುರುತುಗಳು ಮೂಡುತ್ತಿದ್ದವು. ಹಗುರಾಗಿ ಮುಟ್ಟಿದ್ದು ಹಳದಿ, ಒತ್ತಿದ್ದು ಹಸಿರು, ಬಿಗಿಯಾಗಿ ಹಿಡಿದದ್ದು ನೀಲಿ.

ಒಂದು ದೊಡ್ಡ ಆಸ್ಪತ್ರೆಯಲ್ಲಿ ಪ್ರಯೋಗ ನಡೆದು ಸೋಂಕು ಅರ್ಧಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ಇಟಗಿಯ ಫೋಟೋ ಬಂತು. ಅದರ ಬೆನ್ನಿಗೇ ಫೋನುಗಳು ಶುರುವಾದವು. ಬಂಗಾರದ ಅಂಗಡಿಯವನಿಗೆ ಕಪಾಟಿಗೆ ಬೇಕಂತೆ. ಒಬ್ಬ ತಾಯಿಗೆ ಮಗಳ ಕೋಣೆಯ ಕಿಟಕಿಗೆ ಬೇಕಂತೆ. ಮದುವೆ ನಿಶ್ಚಯವಾದ ಗಂಡೊಬ್ಬ, ತನ್ನ ಹೆಸರು ಹೇಳದೆ, ಬಟ್ಟೆಗೂ ಅಂಟುತ್ತದೆಯೇ ಎಂದು ಕೇಳಿದ. ಆಸ್ಪತ್ರೆಯಲ್ಲಂತೂ ನರ್ಸುಗಳು ಕೈಗಳನ್ನು ಬಗಲಲ್ಲಿಟ್ಟುಕೊಂಡು ಓಡಾಡತೊಡಗಿದ್ದರು.

"ಸರ್, ಅವ್ರು ಹೊಲಸು ಹುಡುಕೂದು ಬಿಟ್ಟು ಮಂದೀನ್ನ ಹುಡುಕ್ಲಿಕ್ಕತ್ತಾರ," ಎಂದಳು ಫರ್ಹಾನಾ. "ಯಾವ ನರ್ಸು ಎಷ್ಟು ಸಲ ಗ್ವಾಡಿಗೆ ಆತು ನಿಂತಿದ್ಲು ಅಂತ ಲೆಕ್ಕ ಹಾಕ್ತಾರಂತ."

"ಮನಷ್ಯಾರ ಮ್ಯಾಲೆ ನಂಬಿಕಿ ಇಲ್ಲದವ್ರು ಏನ್ ಕೊಟ್ರೂ ಹಿಂಗ ಮಾಡ್ತಾರ," ಎಂದು ಇಟಗಿ ನಕ್ಕ. ಮನೆಗಳಿಗೆ ಈ ಹಾಳೆಯನ್ನು ಕೊಡಕೂಡದು ಎಂದು ನಿರ್ದೇಶಕರ ಸಭೆಯಲ್ಲಿ ಗಟ್ಟಿಯಾಗಿ ವಾದಿಸಿದವನೂ ಅವನೇ. ಆ ವಾರವೇ ಅವನು ಒಂದು ಸುರುಳಿ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದ.

ಕಾರಣ ಅಜಿತ ಜಮಖಂಡಿ.

ಇಟಗಿಯ ಹೆಂಡತಿ ದಾಕ್ಷಾಯಣಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಬೆಳಗಿನ ಶಾಲೆ, ಊಟದ ಹೊತ್ತಿಗೆ ಮನೆಗೆ ಬಂದುಬಿಡುತ್ತಿದ್ದಳು. ಮಕ್ಕಳಿಲ್ಲದ ಮನೆ. ಅವರ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿ ಅಜಿತ ತನ್ನ ತಾಯಿ ಇಂದ್ರಾಬಾಯಿಯ ಜೊತೆ ಇದ್ದ. ಮೊದಲು ವಾಲಿಬಾಲ್ ಆಡುತ್ತಿದ್ದ, ಈಗ ಆಟಗಾರರಿಗೆ ಏನೋ ತರಬೇತಿ ಕೊಡುತ್ತಾನೆ ಎಂಬುದಷ್ಟೇ ಇಟಗಿಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರ. ನಕ್ಕರೆ ಮಹಡಿಗೆಲ್ಲ ಕೇಳುವಂಥ ನಗು. ಟೆರೇಸಿನ ಮೇಲೆ ಯುಗಾದಿಯ ಊಟದ ದಿನ ಅವನೇನೋ ಹೇಳಿದ್ದಕ್ಕೆ ದಾಕ್ಷಾಯಣಿ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ತನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ಇಟಗಿ ಅಂದು ಹೋಳಿಗೆಯ ಎಲೆಯ ಮುಂದೆ ಕೂತು ಯೋಚಿಸಿದ್ದ. ನೆನಪಾಗಲಿಲ್ಲ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಆಮೇಲೆ ಅವಳು ಬದಲಾದಳು, ಅಥವಾ ಅವನಿಗೆ ಹಾಗನ್ನಿಸಿತು. ಸಂಜೆ ಇಬ್ಬರೂ ಕೆಲಗೇರಿ ಕೆರೆಯವರೆಗೆ ನಡೆದು ಹೋಗುತ್ತಿದ್ದರು, ಅದನ್ನು ನಿಲ್ಲಿಸಿದಳು. ಸ್ಕೂಟರಿನ ಹಿಂದೆ ಕೂರಲು ಒಲ್ಲೆ ಎಂದಳು. ಮಾತಾಡಿಸಿದರೆ ಒಂದು ಕ್ಷಣ ತಡೆದು, ಮೆಲ್ಲಗೆ ಮುಖ ತಿರುಗಿಸುತ್ತಿದ್ದಳು, ಬೇರೆಲ್ಲೋ ಇದ್ದವಳು ಬಂದ ಹಾಗೆ. ಒಂದು ಮಧ್ಯಾಹ್ನ ಇಟಗಿ ಮರೆತುಬಂದ ಪೆನ್‌ಡ್ರೈವ್ ಒಯ್ಯಲು ಮನೆಗೆ ಬಂದಾಗ ಮೆಟ್ಟಿಲಿನಲ್ಲಿ ಅಜಿತ ಇಳಿದು ಬರುತ್ತಿದ್ದ. "ಓಹೋ, ಸರ್, ಇಷ್ಟು ಲಗೂನ ಬಂದ್ರಿ!" ಎಂದು ತಡವರಿಸಿ ಗೋಡೆಗೆ ಸರಿದು ದಾರಿ ಬಿಟ್ಟ. ಮೇಲೆ ದಾಕ್ಷಾಯಣಿಯ ಹಣೆಯ ಮೇಲೆ ಬೆವರಿತ್ತು, ಹೆರಳು ಸಡಿಲಾಗಿತ್ತು.

"ಅವ ಯಾಕ ಬಂದಿದ್ದ?"

"ಇಂದ್ರಾಬಾಯಿ ಕಾಕೂ ಮಸರು ಕಳಸಿದ್ರು."

ಇಟಗಿ ಫ್ರಿಜ್ಜು ತೆರೆದು ನೋಡಿದ. ಮೊಸರಿತ್ತು. ಅದು ನಿನ್ನೆ ತಾನೇ ತಂದ ಪಾಕೀಟಿನ ಮೊಸರು.

ಸೋಫಾ, ಕುರ್ಚಿ, ಊಟದ ಮೇಜು, ಬಾಲ್ಕನಿಯ ಕಟಾಂಜನ, ಎಲ್ಲಕ್ಕೂ ಅವನು ಹಾಳೆ ಅಂಟಿಸಿದ. ಗೀರು ಬೀಳದಂತೆ ರಕ್ಷಣೆ ಎಂದು ಹೆಂಡತಿಗೆ ಹೇಳಿದ. "ಭಾಳ ಛಲೋ ಆತು" ಎಂದು ಅವಳು ನಂಬಿದಳು. ಅವಳು ಅಷ್ಟು ಸಲೀಸಾಗಿ ನಂಬಿದ್ದು ಕೂಡ ಅವನಿಗೆ ಸಿಟ್ಟು ತರಿಸಿತು.

ಮರುದಿನ ಸಂಜೆ, ಅವಳು ಬಚ್ಚಲಿಗೆ ಹೋದಾಗ, ಕ್ಯಾಮೆರಾ ಹಿಡಿದು ಮನೆಯೆಲ್ಲ ತಿರುಗಿದ. ಅಲ್ಲಲ್ಲಿ ಸಣ್ಣ ಕೈಗಳ ಹಳದಿ ಗುರುತುಗಳಿದ್ದವು. ಕೆಲಸದವಳದು ಎಂದು ಅವನ್ನು ಬಿಟ್ಟ. ದಾಕ್ಷಾಯಣಿಯದು ಅವನಿಗೆ ಗೊತ್ತಿತ್ತು, ಅವಳ ಕಿರುಬೆರಳು ತುಸು ಸೊಟ್ಟ. ಕಟಾಂಜನದ ಮೇಲೆ ಆ ಸೊಟ್ಟ ಬೆರಳಿನ ಕೈ ಕಡುನೀಲಿಯಾಗಿ ಕೂತಿತ್ತು. ಅದರ ಪಕ್ಕದಲ್ಲಿ, ಗೇಣು ದೂರದಲ್ಲೂ ಅಲ್ಲ, ಇನ್ನೊಂದು ಕೈ. ದೊಡ್ಡದು, ಉದ್ದ ಬೆರಳಿನದು.

ಇಟಗಿ ತನ್ನ ಅಂಗೈಯನ್ನು ಆ ಗುರುತಿನ ಮೇಲೆ, ತಾಗದಂತೆ, ಹಿಡಿದು ನೋಡಿದ. ಅದರ ಬೆರಳುಗಳು ಅವನ ಬೆರಳುಗಳನ್ನು ದಾಟಿ ಮುಂದೆ ಹೋಗಿದ್ದವು. ಅವನು ಕೈ ಹಿಂತೆಗೆದು ಆ ಎರಡೂ ಗುರುತುಗಳ ಚಿತ್ರ ತೆಗೆದುಕೊಂಡ.

ಅಂದಿನಿಂದ ಅವನಿಗೆ ಹಗಲೆಲ್ಲ ಅದೇ ಧ್ಯಾನ. ಪ್ರತಿ ಸಂಜೆ ಚಿತ್ರ ತೆಗೆದು, ಬಿಸಿಗಾಳಿಯಿಂದ ಗುರುತು ಅಳಿಸಿ, ನಾಳೆಗೆ ಹಾಳೆಯನ್ನು ಸಿದ್ಧ ಮಾಡುತ್ತಿದ್ದ. ಸೋಫಾದ ಬೆನ್ನಿಗೆ ಅವಳ ಎರಡೂ ಕೈ, ನೀಲಿ. ಮೇಜಿನ ಅಂಚಿಗೆ ಅವಳ ಬೆರಳುಗಳು, ನೀಲಿ. ಎಲ್ಲಿ ಅವಳು ಅಷ್ಟು ಬಿಗಿಯಾಗಿ ಹಿಡಿದಿದ್ದಳೋ ಅಲ್ಲೆಲ್ಲ ಸಮೀಪದಲ್ಲಿ ಆ ದೊಡ್ಡ ಕೈ ಇರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನ ತೋಳನ್ನು ಅವಳು ಒಮ್ಮೆಯಾದರೂ ಹಾಗೆ ಹಿಡಿದಿದ್ದಾಳೆಯೆ? ಹಿಡಿದಿದ್ದರೆ ಅದು ಹಳದಿಯೋ ಹಸಿರೋ ಆಗಿರುತ್ತಿತ್ತು, ನೀಲಿಯಂತೂ ಅಲ್ಲ. ಒಂದು ಕುರ್ಚಿಯ ಬೆನ್ನಿನ ಮೇಲೆ ಕೂಡ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಲ್ಯಾಬಿನಲ್ಲಿ ಫರ್ಹಾನಾಳನ್ನು ಕರೆದು ಹಾಳೆಯ ತುಂಡೊಂದನ್ನು ಕೊಳವೆಗೆ ಸುತ್ತಿ ಕೊಟ್ಟ. "ಕಡುನೀಲಿ ಬರೂ ಹಂಗ ಹಿಡದು ತೋರಸು."

ಅವಳು ಹಲ್ಲು ಕಚ್ಚಿ ಹಿಡಿದಳು. ಕ್ಯಾಮೆರಾದ ಪರದೆಯ ಮೇಲೆ ಹಸಿರಾಯಿತು. ಇನ್ನೂ ಬಿಗಿದಾಗ ನೀಲಿಗೆ ತಿರುಗಿತು. ಕೈ ಕೊಡವಿಕೊಳ್ಳುತ್ತ, "ಹಿಂಗ ಯಾರು ಹಿಡೀತಾರ, ಸರ್? ಸಿಟಿ ಬಸ್ಸಿನ್ಯಾಗ ನಿಂತಾಗ ಒಮ್ಮೆಲೆ ಬ್ರೇಕ್ ಹಾಕಿದ್ರ ಹಿಂಗ ಹಿಡ್ಕೋಬಹುದು," ಎಂದಳು.

"ಬಸ್ಸಿನ್ಯಾಗಲ್ಲ ಇದು," ಎಂದ ಇಟಗಿ. ಅವಳು ಅವನ ಮುಖ ನೋಡಿ, ಕೊಳವೆಯನ್ನು ವಾಪಸು ಕೊಟ್ಟಳು.

ದಿನ ಕಳೆದಂತೆ ನೀಲಿ ತಿಳಿಯಾಗತೊಡಗಿತು. ಮೊದಲು ಸೋಫಾದ ಮೇಲೆ, ಆಮೇಲೆ ಮೇಜಿನ ಮೇಲೆ ಹಸಿರು, ಕ್ರಮೇಣ ಹಳದಿ. ಕೆಲವು ಕಡೆ ಅವಳ ಗುರುತೇ ಇಲ್ಲ. ದೊಡ್ಡ ಕೈಯ ಗುರುತೂ ಅಪರೂಪವಾಯಿತು. ಇಟಗಿಗೆ ಸಮಾಧಾನವಾಗಬೇಕಿತ್ತು. ಆದರೆ ಅವನಿಗೆ ಹೊಳೆದದ್ದೇ ಬೇರೆ. ಇವರಿಗೆ ಗೊತ್ತಾಗಿದೆ. ಹುಷಾರಾಗಿದ್ದಾರೆ. ಏನನ್ನೂ ಮುಟ್ಟದೆ, ಒಬ್ಬರನ್ನೊಬ್ಬರು ಮಾತ್ರ ಮುಟ್ಟುತ್ತಿದ್ದಾರೆ.

ಆ ಯೋಚನೆ ಬಂದ ಮೇಲೆ ಅವನಿಗೆ ಲ್ಯಾಬಿನಲ್ಲಿ ಕೂರಲಾಗಲಿಲ್ಲ. ಮುದ್ರಣ ಯಂತ್ರ ಓಡುತ್ತಿದ್ದಂತೆಯೇ, ಫರ್ಹಾನಾಗೆ ಒಂದು ಮಾತೂ ಹೇಳದೆ, ಮಟಮಟ ಮಧ್ಯಾಹ್ನ ಸ್ಕೂಟರು ಹತ್ತಿದ. ಮೆಟ್ಟಿಲುಗಳನ್ನು ಸದ್ದಾಗದಂತೆ ಏರಿದ. ಒಳಗಿನಿಂದ ಅಜಿತನ ದನಿ ಮೆತ್ತಗೆ ಕೇಳುತ್ತಿತ್ತು. "ಹಾಂ… ಹಂಗs… ನನ್ನ ಕಡೆ ನೋಡ್ರಿ ವೈನಿ… ಹೆದರಬ್ಯಾಡ್ರಿ, ನಾ ಅದೀನಿ."

ಇಟಗಿ ಕೀಲಿ ತಿರುಗಿಸಿ ಬಾಗಿಲನ್ನು ಧಡಕ್ಕನೆ ನೂಕಿದ. "ಏನ್ ನಡಸೀರಿ ನನ್ನ ಮನ್ಯಾಗ?"

ಪಡಸಾಲೆಯ ನಡುವೆ ದಾಕ್ಷಾಯಣಿ ಅವನಿಗೆ ಬೆನ್ನು ಮಾಡಿ ನಿಂತಿದ್ದಳು, ಎರಡೂ ತೋಳುಗಳನ್ನು ಅಗಲವಾಗಿ ಚಾಚಿಕೊಂಡು, ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು. ಅಜಿತ ಅವಳೆದುರು ಬಗ್ಗಿ ನಿಂತಿದ್ದ. ಅವನ ಕೈಗಳು ಅವಳ ಎರಡೂ ಪಕ್ಕದಲ್ಲಿ, ಅವಳಿಗೆ ತಗುಲದಂತೆ, ಗಾಳಿಯಲ್ಲಿದ್ದವು. ಮೂಲೆಯ ಕುರ್ಚಿಯಲ್ಲಿ ಮುದುಕಿ ಇಂದ್ರಾಬಾಯಿ ಬತ್ತಿ ಹೊಸೆಯುತ್ತ ಕೂತಿದ್ದರು.

ಕೂಗು ಕೇಳಿ ದಾಕ್ಷಾಯಣಿ ಥಟ್ಟನೆ ಹಿಂದೆ ತಿರುಗಿದಳು. ತಿರುಗಿದ ತಲೆಯ ಜೊತೆ ಅವಳ ಮೈಯೂ ತಿರುಗುತ್ತಲೇ ಹೋಯಿತು, ಯಾರೋ ಕಾಲಕೆಳಗಿನ ಜಮಖಾನೆ ಎಳೆದ ಹಾಗೆ. ಅಜಿತ ಹಿಡಿಯಲು ಮುಂದೆ ಬಿದ್ದ. ಅಷ್ಟರಲ್ಲಿ ಅವಳು ಕೈಯೂರಿ ನೆಲಕ್ಕೆ ಬಿದ್ದಿದ್ದಳು. ಮಣಿಕಟ್ಟು ಮುರಿದ ಸದ್ದು ಬಾಗಿಲಲ್ಲಿದ್ದ ಇಟಗಿಗೂ ಕೇಳಿತು.

"ಅಯ್ಯ ನಮ್ಮವ್ವ," ಎಂದು ಇಂದ್ರಾಬಾಯಿ ಎದ್ದರು. "ಎಷ್ಟ್ ಛಂದ ನಡ್ಯಾಕತ್ತಿದ್ದಳಲ್ಲೋ! ಇವತ್ತ ಒಂದ್ ಕಡೆನೂ ಹಿಡೀದs ನಡದಿದ್ಲು."

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವವರೆಗೆ ಇಟಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಜಿತನೇ ಪಕ್ಕಕ್ಕೆ ಬಂದು ಕೂತು ಎಲ್ಲ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಇಟಗಿಗೆ ಸ್ವಲ್ಪ ಹಗುರಾಗುತ್ತಿತ್ತು. ಯುಗಾದಿ ಮುಗಿದ ಮೇಲೆ ಬಂದ ಜ್ವರ ದಾಕ್ಷಾಯಣಿಯ ಒಂದು ಕಿವಿಯೊಳಗಿನ ಸಮತೋಲನದ ನರವನ್ನು ಹಾಳುಮಾಡಿತ್ತು. ನಿಂತ ನೆಲ ಹಡಗಿನ ಹಾಗೆ ಓಲಾಡುತ್ತಿತ್ತು. ತಲೆ ತಿರುಗಿಸಿದರೆ ಇಡೀ ಮನೆ ತಿರುಗುತ್ತಿತ್ತು. ಔಷಧವಿಲ್ಲ. ಉಳಿದ ಒಂದೇ ಕಿವಿಯನ್ನೂ ಕಣ್ಣನ್ನೂ ಪಾದವನ್ನೂ ನಂಬಿ ನಡೆಯುವುದನ್ನು ಮೆದುಳು ಹೊಸದಾಗಿ ಕಲಿಯಬೇಕು. ಗಾಯಗೊಂಡ ಆಟಗಾರರಿಗೆ ನಡಿಗೆ ಕಲಿಸುವುದೇ ಅಜಿತನ ಕೆಲಸ. ಮೆಟ್ಟಿಲಿನ ಮೇಲೆ ಅವಳು ಕಂಬಿ ತಬ್ಬಿಕೊಂಡು ಕೂತದ್ದನ್ನು ಮೊದಲು ಕಂಡವರು ಇಂದ್ರಾಬಾಯಿ.

"ನಿಮಗ ಹೇಳ್ರಿ ಅಂತ ನಾ ಭಾಳ ಸಲ ಹೇಳೀನಿ ಸರ್," ಎಂದ ಅಜಿತ. "ಹೇಳೀನಿ, ಕೇಳ್ಲಿಲ್ಲ, ಅಂದ್ರು."

ಇಟಗಿ ಅವನ ಕೈಗಳನ್ನೇ ನೋಡುತ್ತಿದ್ದ. ಎಲ್ಲ ತಿಳಿದ ಮೇಲೂ ಹೊಟ್ಟೆಕಿಚ್ಚು ಆರಿರಲಿಲ್ಲ, ಅದೇ ಅವನಿಗೆ ಆಶ್ಚರ್ಯ. ಅವಳ ಭಯವನ್ನು ಮೊದಲು ಕಂಡದ್ದು ಈ ಮನುಷ್ಯ. ಅವಳು ಬೀಳುವಾಗ ನಂಬಿದ್ದು ಈ ಕೈಗಳನ್ನು. ಮೊದಲಿದ್ದ ಅನುಮಾನ ಸುಳ್ಳಾಗಿತ್ತು. ಈ ಅಸೂಯೆ ಸುಳ್ಳಾಗುವಂಥದ್ದಾಗಿರಲಿಲ್ಲ.

ಮನೆಗೆ ಬಂದ ಮೇಲೆ ದಾಕ್ಷಾಯಣಿ ಹಾಸಿಗೆಗೆ ಒರಗಿ ಕೂತು ಒಂದೇ ಪ್ರಶ್ನೆ ಕೇಳಿದಳು. "ಆ ಹೊತ್ತಿನ್ಯಾಗ ಯಾಕ ಬಂದ್ರಿ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ಅವನು ಹೇಳಲಿಲ್ಲ. ಹಾಳೆಯ ಸಂಗತಿ ಹೇಳಿದ, ಕ್ಯಾಮೆರಾದ ಸಂಗತಿ ಹೇಳಿದ, ದೊಡ್ಡ ಕೈಯ ಸಂಗತಿ ಹೇಳಿದ. ಅವಳು ಬಯ್ಯುತ್ತಾಳೆಂದು ಕಾದ.

"ತೋರಸ್ರಿ," ಎಂದಳು.

ಅವನು ಕ್ಯಾಮೆರಾದಲ್ಲಿ ಚಿತ್ರಗಳನ್ನು ತೆರೆದು ಅವಳ ಮಡಿಲಲ್ಲಿಟ್ಟ. ಅವಳು ಒಳ್ಳೆಯ ಕೈಯಿಂದ ಒಂದೊಂದಾಗಿ ಸರಿಸುತ್ತ ಹೋದಳು. ಕಟಾಂಜನದ ಮೇಲಿನ ಕಡುನೀಲಿ ಕೈ ಬಂದಾಗ ನಿಂತಳು. "ಇಷ್ಟ್ ಗಟ್ಟಿ ಹಿಡ್ಕೊಂಡಿದ್ದೆನೇನು ನಾನು?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಮುಂದೆ ಸರಿಸಿದಳು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಕೊನೆಯ ಕೆಲವು ಚಿತ್ರಗಳಲ್ಲಿ ಅವಳ ಗುರುತು ಎಲ್ಲೋ ಒಂದೊಂದು. ಅವಳ ಕಣ್ಣು ತುಂಬಿ ಬಂತು.

"ಆರಾಮ ಆಗ್ಲಿಕ್ಕತ್ತೇನಿ ಅಂತ ಅಜಿತ್ ಹೇಳ್ತಿದ್ದ. ನಾ ನಂಬಿರಲಿಲ್ಲ," ಎಂದಳು. "ದಿನಾ ಅದs ಹೆದರಿಕಿ ಇರ್ತಿತ್ತು. ಖರೇನೂ ಆರಾಮ ಆಗ್ಲಿಕ್ಕತ್ತಿದ್ದೆ. ನೋಡ್ರಿ, ಇಲ್ಲೆ ಕಾಣಸ್ತದ." ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು. "ಇದನ್ನೆಲ್ಲಾ ದಿನಾ ನೋಡಿದ್ರಿ ನೀವು. ನೋಡಿ ಏನ್ ಓದ್ಕೊಂಡ್ರಿ?"

ಇಟಗಿ ಕ್ಯಾಮೆರಾವನ್ನು ಆರಿಸಿ ಪಕ್ಕಕ್ಕಿಟ್ಟ.

"ತಲಿ ತಿರಗತದ ಅಂತ ಎರಡು ಸಲ ಹೇಳಿದೆ. ಒಮ್ಮೆ ಪಿತ್ತ ಅಂದ್ರಿ, ಇನ್ನೊಮ್ಮೆ ಆಸ್ಪತ್ರಿ ಫೋನ್ ಬಂತು ಅಂತ ಎದ್ದ್ ಹೋದ್ರಿ. ಮೂರನೇ ಸಲ ಹೇಳ್ಬೇಕಂತ ನನಗ ಅನ್ನಿಸ್ಲಿಲ್ಲ. ನನಗೊಂದು ಮಾತು ಕೇಳಿದ್ರ ಆಗ್ತಿತ್ತಲ್ರಿ? ಕುರ್ಚಿ, ಟೇಬಲ್, ಕಟಾಂಜನ, ಎಲ್ಲಾನೂ ಕೇಳಿದ್ರಿ. ನನ್ನ ಕೇಳ್ಲಿಲ್ಲ."

ಅವನು ಅಂದೇ ಮನೆಯ ಹಾಳೆಗಳನ್ನೆಲ್ಲ ಕಿತ್ತ. ಕೀಳುವಾಗ ಕುರ್ಚಿಯ ಪಾಲಿಶ್ ಅಲ್ಲಲ್ಲಿ ಎದ್ದು ಬಂತು. ಮರುದಿನ ಲ್ಯಾಬಿನಲ್ಲಿ ಫರ್ಹಾನಾಳ ಎದುರು ಕೂತು, ತಾನು ಹಾಳೆ ಒಯ್ದದ್ದನ್ನೂ ಯಾಕೆಂಬುದನ್ನೂ ಹೇಳಿದ. ಅವಳು, "ಬಣ್ಣ ಕಣ್ಣಿಗೆ ಕಾಣೂ ಹಂಗ ವಾಪಸ್ ತರೋಣೇನ್ರಿ, ಸರ್?" ಎಂದು ಕೇಳಿದಳು. "ಹೇಸಿದ್ರ ಹೇಸ್ಲಿ. ಎಲ್ಲಾರಿಗೂ ಕಾಣ್ಲಿ. ಮುಟ್ಟಿದವರಿಗೂ ಗೊತ್ತಾಗ್ಲಿ." ಆಸ್ಪತ್ರೆಗೆ ಕೊಟ್ಟ ಕ್ಯಾಮೆರಾಗಳನ್ನು ಹಿಂದಕ್ಕೆ ತರಿಸುವುದು ಸುಲಭವಾಗಲಿಲ್ಲ. ಇಟಗಿ ಎಷ್ಟೋ ಸಭೆಗಳಲ್ಲಿ ಮಾತು ಕೇಳಬೇಕಾಯಿತು, ಒಂದರಲ್ಲಂತೂ ನಿರ್ದೇಶಕರು ಅವನಿಗೆ ಬಾಗಿಲನ್ನೇ ತೋರಿಸಿದರು. ಕೊನೆಗೆ ವಾರ್ಡಿನ ಕಂಬಿಗಳು ಕೆಂಪಾಗಿ, ಮುಟ್ಟಿದಲ್ಲಿ ಹಸಿರಾಗಿ, ಹೋಗುವವರು ಬರುವವರಿಗೆಲ್ಲ ಕಾಣುವಂತಾದವು. ನರ್ಸುಗಳು ಕೈಗಳನ್ನು ಬಗಲಿನಿಂದ ಹೊರಗೆ ತೆಗೆದರು.

ಮಣಿಕಟ್ಟು ಕೂಡಿದ ಮೇಲೆ ದಾಕ್ಷಾಯಣಿ ಮತ್ತೆ ನಡಿಗೆ ಶುರು ಮಾಡುವುದೆಂದಾಯಿತು. ಬಿದ್ದ ಹೆದರಿಕೆಯಿಂದ ಕಲಿತದ್ದು ಅರ್ಧ ಮರೆತುಹೋಗಿತ್ತು, ಬಹುಮಟ್ಟಿಗೆ ಮೊದಲಿನಿಂದಲೇ ಶುರುಮಾಡಬೇಕಿತ್ತು. ಇಟಗಿ ರಜೆ ಹಾಕುತ್ತೇನೆ ಎಂದ. ಹೇಗೆ ನಿಲ್ಲಬೇಕು, ಎಲ್ಲಿ ಹಿಡಿಯಬೇಕು, ಅಜಿತನಿಂದ ಕಲಿತುಕೊಳ್ಳುತ್ತೇನೆ ಎಂದ.

"ಬ್ಯಾಡ್ರಿ," ಎಂದಳು ದಾಕ್ಷಾಯಣಿ. "ಅಜಿತ್ ಬರ್ತಾನ, ಕಾಕೂ ಬರ್ತಾರ. ಆ ಹೊತ್ತಿನ್ಯಾಗ ನೀವು ಮನ್ಯಾಗ ಇರಬ್ಯಾಡ್ರಿ. ಬಾಗಲಾ ಸಪ್ಪಳ ಆದ್ರ ನನಗ ಇನ್ನೂ ಹೆದರಿಕಿ ಆಗ್ತದ."

ಅದರಲ್ಲಿ ಶಿಕ್ಷೆಯ ದನಿ ಇರಲಿಲ್ಲ. ಡಾಕ್ಟರು ಪಥ್ಯ ಹೇಳಿದ ಹಾಗೆ ಹೇಳಿದಳು. ಇಟಗಿ ಹೂಂ ಎಂದ.

ಮೊದಲ ದಿನ ಮಧ್ಯಾಹ್ನ ಅವನಿಗೆ ಲ್ಯಾಬಿನಲ್ಲಿ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಯಂತ್ರದ ಸದ್ದಿನ ಹಿಂದೆ ಅಜಿತನ ದನಿ ಕೇಳಿದಂತಾಗುತ್ತಿತ್ತು: ನಾ ಅದೀನಿ. ಈಗ ಸೋಫಾದ ಪಕ್ಕಕ್ಕೆ ಬಂದಿರಬಹುದು, ಈಗ ಬಾಲ್ಕನಿಯ ಬಾಗಿಲಿಗೆ. ಈಗ ಹಿಡಿದಿರಬಹುದು. ಎರಡು ಸಲ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡ. ಎರಡು ಸಲವೂ ತಿರುಗಿ ಮೇಜಿನ ಮೇಲಿಟ್ಟ. ಫರ್ಹಾನಾ ಕಂಡೂ ಕಾಣದವಳಂತೆ ಚಹಾ ತಂದಿಟ್ಟು ಹೋದಳು. ಚಹಾ ಕೆನೆಗಟ್ಟಿತು. ಬಿಸಿಲು ಇಳಿದ ಮೇಲೆ, ಎಲ್ಲರೂ ಹೊರಡುವ ಹೊತ್ತಿಗೇ ಅವನೂ ಹೊರಟ.

ಮನೆಯ ಮುಂದೆ ನಿಂತು, ಕೀಲಿ ಇದ್ದೂ, ಬಾಗಿಲನ್ನು ಮೆಲ್ಲಗೆ ಬಡಿದ. ಒಳಗೆ ಹೆಜ್ಜೆಯ ಸದ್ದು ನಿಧಾನವಾಗಿ ಹತ್ತಿರ ಬಂತು. ಬಾಗಿಲು ತೆರೆದ ದಾಕ್ಷಾಯಣಿಯ ಹಣೆಯ ಮೇಲೆ ಬೆವರಿತ್ತು, ಹೆರಳು ಸಡಿಲಾಗಿತ್ತು, ಮುಖ ಯಾಕೋ ಹೊಳೆಯುತ್ತಿತ್ತು. ಅವನ ಗಂಟಲಿಗೆ ಒಂದು ಪ್ರಶ್ನೆ ಬಂದು ನಿಂತಿತು. ಅದನ್ನು ನುಂಗಿ, ಇನ್ನೊಂದನ್ನು ಹುಡುಕಿ ತೆಗೆಯುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇವತ್ತ ಹೆಂಗಾತು?"

ಕೇಳುತ್ತಿರುವವನು ಯಾರು ಎಂದು ಅಳೆಯುವವಳಂತೆ ಅವನ ಮುಖವನ್ನೇ ನೋಡಿದಳು. ಅವನು ಕಣ್ಣು ತಪ್ಪಿಸದೆ ನಿಂತ.

"ಎರಡು ಸಲ ಬಿದ್ದೆ," ಎಂದಳು. ಬಾಗಿಲಿನಿಂದ ಸರಿದು ದಾರಿ ಬಿಡುತ್ತ, "ಒಳಗ ಬರ್ರಿ. ಕೂತು ಹೇಳ್ತೀನಿ."